ಐದು ಗ್ರೇನ್ ಹೆಚ್ಚು

ಸೆಪ್ಟೆಂಬರ್ 9, ಸೋಮವಾರ
ಉಷ್ಣಾಂಶ 68 ಫ್ಯಾರನ್‌ಹೀಟ್. ಆರ್ದ್ರತೆ 34. ಕಿಟಕಿ ಮುಚ್ಚಿದೆ.

ಈ ನೋಟುಬುಕ್ಕು ತೂಕ-ಅಳತೆ ಕಚೇರಿಯದು. ನಿವೃತ್ತಿಯ ದಿನ ಬೀರುವಿನಲ್ಲಿ ಉಳಿದಿದ್ದ ನಾಲ್ಕನ್ನು ಕೇಳಿಯೇ ತಂದಿದ್ದೆ. ಪ್ರತಿ ಪುಟದ ನೆತ್ತಿಯಲ್ಲಿ ಉಷ್ಣಾಂಶ, ಆರ್ದ್ರತೆ ಎಂದು ಅಚ್ಚಾಗಿದೆ. ಖಾಲಿ ಬಿಡಲು ಕೈ ಬರುವುದಿಲ್ಲ. ಮೂವತ್ತೊಂದು ವರ್ಷ ಮೊಂಟಾನಾದ ಈ ಉತ್ತರದ ಅಂಚಿನಲ್ಲಿ ಗೋದಿ ಗೋದಾಮಿನ ತೂಕದ ಕಟ್ಟೆ, ಮಾಂಸದಂಗಡಿಯ ತಕ್ಕಡಿ, ಪೆಟ್ರೋಲ್ ಬಂಕಿನ ಅಳತೆ ಎಲ್ಲವನ್ನೂ ಪರೀಕ್ಷಿಸಿ ಸೀಲು ಹಾಕಿದವಳು ನಾನು. ಮನೆಯ ವಿಷಯ ಬರೆಯುತ್ತಿರುವುದು ಇದೇ ಮೊದಲು.

ಶನಿವಾರ ಗುಂಡು ಹೊಡೆಯುವ ಮೈದಾನದಲ್ಲಿ ಅಣ್ಣ ಹಾಲ್ವರನ ಕೋವಿ ಅವನ ಮುಖಕ್ಕೇ ಸಿಡಿಯಿತು. ಎರಡನೆಯ ತೋಟಾದ ಬುಡ ಒಡೆದು ಬೆಂಕಿಯಂಥ ಗಾಳಿ ಹಿಂದಕ್ಕೆ ನುಗ್ಗಿದೆ. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ಕೆನ್ನೆಗೆ ಏಳು ಹೊಲಿಗೆ. ತೋಟಾ ಹಾಕಿ ಮುಚ್ಚುವ ಕೋವಿಯ ಬೋಲ್ಟನ್ನು ಸುತ್ತಿಗೆಯಿಂದ ಬಡಿದು ತೆಗೆಯಬೇಕಾಯಿತಂತೆ.

ಆ ತೋಟಾಗಳನ್ನು ಅವನೇ ತುಂಬಿದ್ದ. ಅಪ್ಪನ ಕಾಲದಿಂದ ನಮ್ಮ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಈ ಕೆಲಸ ನಡೆದಿದೆ: ಹೊಡೆದ ಖಾಲಿ ಖೋಲಿಗೆ ಮತ್ತೆ ಮದ್ದು ತೂಗಿ ಹಾಕುವುದು, ಹೊಸ ಗುಂಡು ಕೂರಿಸುವುದು. ಅಪ್ಪನ ಮನೆ ನನಗೆ ಬಂತು, ಹಾಲ್ವರ್ ಎದುರು ಮನೆಯಲ್ಲಿದ್ದಾನೆ. ಆದರೆ ಆ ಕೋಣೆ ಅವನದೇ. ಎಪ್ಪತ್ತನಾಲ್ಕು ವಯಸ್ಸಾಯಿತು.

ಇವತ್ತು ಅವನಿಗೆ ಸೂಪು ಕೊಡಲು ಹೋದೆ. "ಒಂದೊಂದನ್ನೂ ತೂಗಿದೀನಿ ಆರ್ಡಿ. ತಕ್ಕಡಿ ಹಾಳಾಗಿದೆ, ಅಷ್ಟೇ," ಎಂದ. ಸೂಪಿನ ಚಮಚೆ ಎರಡು ಸಲ ಬಟ್ಟಲಿನ ಅಂಚಿಗೆ ಬಡಿಯಿತು.

ತಕ್ಕಡಿಯೋ, ಅವನ ಕಣ್ಣೋ.

ಸೆಪ್ಟೆಂಬರ್ 11, ಬುಧವಾರ
ಉಷ್ಣಾಂಶ 66. ಆರ್ದ್ರತೆ 36.

ತಕ್ಕಡಿಯನ್ನು ಪರೀಕ್ಷಿಸಿದೆ. ಅಪ್ಪ ಕೊಂಡ ಹಳೆಯ ದಂಡದ ತಕ್ಕಡಿ. ದಂಡದ ಮೇಲೆ ಎರಡು ಜಾರುಬಟ್ಟು. ದೊಡ್ಡದು ಒಂದು ಕಚ್ಚು ಸರಿದರೆ ಐದು ಗ್ರೇನ್, ಚಿಕ್ಕದು ಹತ್ತರಲ್ಲೊಂದು ಗ್ರೇನ್. ಒಂದು ಗ್ರಾಮಿನಲ್ಲಿ ಹದಿನೈದು ಗ್ರೇನಿಗೂ ತುಸು ಹೆಚ್ಚು, ಅಷ್ಟು ಸಣ್ಣ ಲೆಕ್ಕ. ಆವತ್ತು ಮನೆಗೆ ಬಂದವನೇ ಎರಡೂ ಬಟ್ಟನ್ನು ಸೊನ್ನೆಗೆ ಎಳೆದು ತಕ್ಕಡಿಯನ್ನು ಪೆಟ್ಟಿಗೆಗೆ ತುರುಕಿಬಿಟ್ಟಿದ್ದಾನೆ. ಆದ್ದರಿಂದ ಶನಿವಾರ ಅದು ಹೇಗಿತ್ತೋ ಗೊತ್ತಾಗುವ ದಾರಿಯಿಲ್ಲ.

ನನ್ನ ಹಿತ್ತಾಳೆ ತೂಕಗಳನ್ನಿಟ್ಟು ನಲವತ್ತು ಸಲ ನೋಡಿದೆ. ಕೂದಲೆಳೆಯಷ್ಟೂ ತಪ್ಪಿಲ್ಲ. ಉಳಿದ ತೋಟಾಗಳನ್ನು ಕೇಳಿದೆ. "ಬಿಸಾಡ್ದೆ," ಎಂದ.

ಹಾಗಾದರೆ ಕಣ್ಣೇ.

ಮಧ್ಯಾಹ್ನ ಬಿಲ್ಲಿಂಗ್ಸಿನಿಂದ ಅವನ ಮಗಳು ಮರ್ನಾ ಫೋನು ಮಾಡಿದಳು. "ಅತ್ತೆ, ನೀವು ನೋಡಿ ಹೇಳಿ. ನಿಮ್ಮ ಮಾತು ಅಂದ್ರೆ ಡ್ಯಾಡ್ ಕೂಡ ಒಪ್ತಾರೆ. ತಿಂಗಳ ಕೊನೇಲಿ ಬಂದು ಕೋವಿ, ಟ್ರಕ್ಕಿನ ಕೀಲಿ ಎರಡೂ ತಗೊಂಡ್ ಹೋಗ್ತೀನಿ. ಆಮೇಲೆ ಮನೆ ವಿಚಾರ ನೋಡೋಣ."

ವರದಿ ಕೊಡುತ್ತೇನೆ ಎಂದೆ. ಸರಿಯಾದ ಕ್ರಮ ಅದೇ.

ಸೆಪ್ಟೆಂಬರ್ 14, ಶನಿವಾರ
ಉಷ್ಣಾಂಶ 67. ಆರ್ದ್ರತೆ 33.

ಲೈಲ್ ಒಡೆಗಾರ್ಡ್ ಕೋವಿ ಅಂಗಡಿಯವನು, ಮೈದಾನದ ಉಸ್ತುವಾರಿಯೂ ಅವನದೇ. ಕಾರಣ ಗೊತ್ತಾಗುವವರೆಗೆ ಹಾಲ್ವರ್ ತಾನೇ ತುಂಬಿದ ತೋಟಾ ತರುವಂತಿಲ್ಲ ಎಂದು ಹೇಳಲು ಬಂದಿದ್ದ. ಹೇಳಿ ಮುಗಿಸಿ ಹ್ಯಾಟನ್ನು ತಿರುಗಿಸುತ್ತಾ ನಿಂತ.

"ಎಲೆಕ್ಟ್ರಾನಿಕ್ ತಕ್ಕಡಿ ತಗೊಳ್ಳಿ ಆರ್ಡಿತ್. ಈಗ ಎಲ್ರೂ ಅದನ್ನೇ ಇಟ್ಕೊಂಡಿದಾರೆ. ನಂಬರ್ ಒತ್ತಿದ್ರೆ ತಾನೇ ಮದ್ದು ಸುರಿದು ತೂಗುತ್ತೆ."

"ತಾನೇ ಸುರಿದು ತಾನೇ ತೂಗಿದ್ರೆ ಅದನ್ನ ಪರೀಕ್ಷೆ ಮಾಡೋರು ಯಾರು?"

"ಅದಕ್ಕೇ ನಿಮ್ಮನ್ನ ಕೇಳ್ತಿರೋದು," ಎಂದು ನಕ್ಕ. "ಮೂರು ಬೇರೆ ಬೇರೆ ಕೊಡ್ತೀನಿ. ಮೂರು ವಾರ ಇಟ್ಕೊಂಡು ಹಿಂಸೆ ಕೊಡಿ. ನೀವು ಯಾವ್ದನ್ನ ಒಪ್ತೀರೋ ಅದನ್ನ ಅಂಗಡಿ ಮುಂದ್ಗಡೆ ಇಡ್ತೀನಿ."

ಒಪ್ಪಿದೆ. ಹಾಲ್ವರ್‌ಗೋಸ್ಕರ ಅಲ್ಲ. ಅವನಿಗೆ ಇನ್ನು ಇದೆಲ್ಲ ಯಾತಕ್ಕೆ? ಆದರೂ ಆ ಯಂತ್ರಗಳ ಒಳಗೆ ಏನಿದೆ ನೋಡಬೇಕೆನ್ನಿಸಿತು.

ಸೆಪ್ಟೆಂಬರ್ 17, ಮಂಗಳವಾರ
ಉಷ್ಣಾಂಶ 66. ಆರ್ದ್ರತೆ 35. ಮನೆ ಬಿಸಿ ಮಾಡುವ ಫರ್ನೇಸು ಆರಿಸಿದೆ.

ಮೂರನೆಯದನ್ನು ಆಗಲೇ ಪೆಟ್ಟಿಗೆಗೆ ಹಾಕಿದೆ. ಪಕ್ಕದ ಫ್ರಿಜ್ಜು ಗುರ್ ಎಂದಾಗಲೆಲ್ಲ ಸೊನ್ನೆ ಜಾರುತ್ತದೆ.

ಉಳಿದವು ಎರಡು. ಒಂದು ಕಪ್ಪು: ದೊಡ್ಡದು, ಮೇಲೆ ಮದ್ದಿನ ಡಬ್ಬಿ, ಪಕ್ಕದಲ್ಲಿ ತಿರುಗುವ ಕೊಳವೆ. ಬೇಕಾದ ತೂಕ ಒತ್ತಿದರೆ ಮೊದಲು ಸರ್ರನೆ ಸುರಿಯುತ್ತದೆ, ಗುರಿ ಹತ್ತಿರವಾದಾಗ ನಿಧಾನಿಸುತ್ತದೆ, ಕೊನೆಗೆ ಒಂದೊಂದೇ ಕಾಳು ಬೀಳಿಸಿ ನಿಂತು ಪೀಪಿ ಊದುತ್ತದೆ. ಅಂಕಿಗಳು ಹಸಿರು, ಹೆಬ್ಬೆರಳಿನಷ್ಟು ದೊಡ್ಡವು. ಇನ್ನೊಂದು ಬೆಳ್ಳಿ ಬಣ್ಣದ್ದು: ಗಾಜಿನ ಮನೆಯೊಳಗಿನ ಪುಟ್ಟ ತಕ್ಕಡಿ. ಮದ್ದನ್ನು ನಾವೇ ಸುರಿಯಬೇಕು. ಅಂಕಿ ಸಣ್ಣ, ಬೂದು. ಆದರೆ ಗ್ರೇನಿನ ಐವತ್ತರಲ್ಲೊಂದು ಭಾಗವನ್ನೂ ಕಾಣುತ್ತದೆ.

ಕಪ್ಪಿನಿಂದ ನೂರು ಸಲ ಸುರಿಸಿ, ಪ್ರತಿಯೊಂದನ್ನೂ ಬೆಳ್ಳಿಯ ಮೇಲೆ ತೂಗಿದೆ. ಮೂರು ಸಲ ಹತ್ತರಲ್ಲೊಂದು ಗ್ರೇನ್ ಹೆಚ್ಚು. ಕೊಳವೆಯ ತುದಿಯಲ್ಲಿ ಕಾಳುಗಳು ಗುಂಪುಗೂಡಿ ಒಟ್ಟಿಗೆ ಬಿದ್ದಿದ್ದವು. ಉಣ್ಣೆಯ ಸ್ವೆಟರ್ ತೊಟ್ಟು ಹತ್ತಿರ ಹೋದರೆ ಬೆಳ್ಳಿ ಗಾಬರಿಯಾಗುತ್ತದೆ, ಬಟ್ಟೆಯ ವಿದ್ಯುತ್ತು. ಅಂಗಿ ಬದಲಾಯಿಸಿ ಬಂದೆ, ಸುಮ್ಮನಾಯಿತು. ಕಪ್ಪಿಗೆ ಶುರುವಾದ ಮೇಲೆ ಅರ್ಧ ಗಂಟೆ ಮೈ ಬಿಸಿ ಮಾಡಿಕೊಳ್ಳಬೇಕು. ಫೋನನ್ನು ಪಕ್ಕದಲ್ಲಿಟ್ಟರೆ ಎರಡಕ್ಕೂ ಆಗುವುದಿಲ್ಲ.

ಊಟ ಮರೆತಿದ್ದೆ. ಗಂಟೆ ಮೂರಾಗಿತ್ತು.

ಸೆಪ್ಟೆಂಬರ್ 20, ಶುಕ್ರವಾರ
ಉಷ್ಣಾಂಶ 64. ಆರ್ದ್ರತೆ 38.

ಬೆಳ್ಳಿಯ ಮೇಲೆ ಒಂದು ಚೂರು ಕಾಗದ ಇಟ್ಟು ಸೊನ್ನೆ ಮಾಡಿದೆ. ತೆಗೆದು ಶಾಯಿಯ ಪೆನ್ನಿನಲ್ಲಿ ಸಹಿ ಹಾಕಿ, ಮತ್ತೆ ಇಟ್ಟೆ. ಆರ್ಡಿತ್ ಟ್ವೆಟನ್ ಎಂಬ ಹೆಸರಿನ ತೂಕ ಗ್ರೇನಿನ ಐವತ್ತರಲ್ಲೊಂದು ಭಾಗ! ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಸಹಿ ಹಾಕಿದೆನೋ, ಎಲ್ಲ ಸೇರಿಸಿದರೆ ಒಂದು ಹಿಡಿ ಸಕ್ಕರೆಯಷ್ಟೂ ಆಗಲಿಕ್ಕಿಲ್ಲ.

ಇದನ್ನು ಯಾರಿಗಾದರೂ ತೋರಿಸಬೇಕೆನ್ನಿಸಿತು. ಎದುರು ಮನೆಯತ್ತ ನೋಡಿದೆ. ಪರದೆ ಮುಚ್ಚಿತ್ತು.

ಸೆಪ್ಟೆಂಬರ್ 25, ಬುಧವಾರ
ಉಷ್ಣಾಂಶ 63.

ಆಶ್ಚರ್ಯ. ಬೆಳಗ್ಗೆ ಬೆಳ್ಳಿಯ ಮೇಲೆ ತೂಕವಿಟ್ಟು ಗಡಿಯಾರ ನೋಡುತ್ತಿದ್ದೆ. ಯಾವ ಕಾರಣವೂ ಇಲ್ಲದೆ ಕೊನೆಯ ಅಂಕಿ ನಡುಗತೊಡಗಿತು. ಕಿಟಕಿ ಮುಚ್ಚಿದೆ, ಗಾಳಿಯಿಲ್ಲ, ಫ್ರಿಜ್ಜು ಸುಮ್ಮನಿದೆ. ನಲವತ್ತು ಸೆಕೆಂಡಾದ ಮೇಲೆ ಗೂಡ್ಸ್ ರೈಲಿನ ಸದ್ದು ಕೇಳಿಸಿತು. ಈ ತಕ್ಕಡಿಗೆ ರೈಲು ನನಗಿಂತ ಮೊದಲೇ ಗೊತ್ತಾಗುತ್ತದೆ!

ತಡೆಯಲಾಗಲಿಲ್ಲ. ಹೋಗಿ ಹಾಲ್ವರನ ಬಾಗಿಲು ಬಡಿದೆ.

"ಏನಾಯ್ತೇ? ಬೆಂಕಿ ಬಿತ್ತಾ?"

"ಬಾ, ಏನೋ ತೋರಿಸ್ತೀನಿ. ಇನ್ನು ಇಪ್ಪತ್ತು ನಿಮಿಷಕ್ಕೆ ಪೂರ್ವದಿಂದ ಒಂದು ಬರ್ಬೇಕು."

ಅಪಘಾತದ ಮೇಲೆ ಅವನು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಸ್ವಲ್ಪ ನಿಂತ, ಆಮೇಲೆ ತನ್ನ ಸ್ಟೂಲನ್ನು ಕಾಲಿನಿಂದ ಹುಡುಕಿಕೊಂಡು ಕೂತ. ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಬೆಳ್ಳಿಯ ಅಂಕಿ ಅವನಿಗೆ ಕಾಣುವುದಿಲ್ಲವೆಂದು ನನಗೆ ಗೊತ್ತು. ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. "ನಡುಗ್ತು," ಎಂದೆ. ಅವನು ಸೆಕೆಂಡು ಎಣಿಸಲು ಶುರುಮಾಡಿದ. ಮೂವತ್ತೆಂಟಕ್ಕೆ ಸದ್ದು ಬಂತು.

"ಖಾಲಿ ಬೋಗಿಗಳು," ಎಂದ. "ಗೋದಿ ತುಂಬಿದ್ರೆ ನಲವತ್ತೈದಕ್ಕೇ ಗೊತ್ತಾಗ್ತಿತ್ತು."

"ಅದ್ಹೇಗೆ ಹೇಳ್ತೀಯ?"

"ಸುಮ್ನೆ ಹೇಳ್ದೆ. ನಿನ್ ಮುಖ ನೋಡ್ಬೇಕಿತ್ತು."

ಮೂರು ರೈಲು ಕಾದೆವು. ಅವನ ಸಹಿಯನ್ನೂ ತೂಗಿದೆ. ನನ್ನದಕ್ಕಿಂತ ಇಮ್ಮಡಿ ತೂಗಿತು. "ಮರ್ಯಾದಸ್ಥರ ಹೆಸರು ಭಾರ ಇರುತ್ತೆ ಕಣೇ," ಎಂದ.

ಕಪ್ಪು ಯಂತ್ರ ಪೀಪಿ ಊದಿದಾಗ ತಿರುಗಿ ನೋಡಿ, "ಇದ್ರ ಅಂಕಿ ಚೆನ್ನಾಗಿದೆ," ಎಂದ.

ಸೆಪ್ಟೆಂಬರ್ 29, ಭಾನುವಾರ

ನಿನ್ನೆಯಿಂದ ಹಿಮ. ಇನ್ನೂ ಸೆಪ್ಟೆಂಬರ್! ರಸ್ತೆ ಮುಚ್ಚಿ ಮರ್ನಾ ಬರುವುದು ಮುಂದಕ್ಕೆ ಹೋಯಿತು. ವರದಿ ಬರೆಯಲು ಕೂತೆ. "ದೃಷ್ಟಿದೋಷದಿಂದ" ಎಂಬಲ್ಲಿಗೆ ನಿಲ್ಲಿಸಿ ಬೆಳ್ಳಿಗೂ ಕಪ್ಪಿಗೂ ಹೋಲಿಕೆಯ ಪಟ್ಟಿ ಬರೆದೆ.

ಹಾಲ್ವರ್ ಹಿಮ ತಳ್ಳಿಕೊಂಡು ಕಾಫಿಗೆ ಬಂದ. ಕಾಫಿ ಮುಗಿಸಿ ಕೋಟಿನ ಜೇಬಿನಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಹದಿನೆಂಟು ತೋಟಾ.

"ಬಿಸಾಡ್ದೆ ಅಂದಿದ್ದೆ?"

"ಬಿಸಾಡಿರ್ಲಿಲ್ಲ." ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಸುತ್ತುತ್ತಿದ್ದ. "ಬಿಚ್ಚಿ ತೂಗು. ಏನ್ ಬರುತ್ತೋ ಅದನ್ನೇ ಮರ್ನಾಗೆ ಹೇಳು. ನಾನು ಅಡ್ಡ ಮಾತಾಡಲ್ಲ."

ಅಕ್ಟೋಬರ್ 1, ಮಂಗಳವಾರ

ಹದಿನೆಂಟನ್ನೂ ಬಿಚ್ಚಿದೆ. ಒಂದೊಂದರ ಮದ್ದನ್ನೂ ಎರಡು ಯಂತ್ರದ ಮೇಲೂ ತೂಗಿದೆ.

ಎಲ್ಲದರಲ್ಲೂ ಐದು ಗ್ರೇನ್ ಹೆಚ್ಚು. ಐದು, ಐದು, ಐದಕ್ಕೆ ಹತ್ತರಲ್ಲೊಂದು ಕಡಿಮೆ, ಐದು, ಐದು. ಕೈ ನಡುಗಿದ್ದರೆ ಒಂದೊಂದೂ ಒಂದೊಂದು ಥರ ಇರುತ್ತಿತ್ತು. ಕಣ್ಣು ಮಬ್ಬಾಗಿ ಗುರುತು ತಪ್ಪಿದ್ದರೂ ಅಷ್ಟೇ. ಹಾಲ್ವರ್ ಹದಿನೆಂಟನ್ನೂ ಹತ್ತರಲ್ಲೊಂದು ಗ್ರೇನಿಗಿಂತ ಹೆಚ್ಚು ಆಚೀಚೆಯಾಗದಂತೆ ತೂಗಿದ್ದಾನೆ. ಅಂಥ ಕಣ್ಣಿನಲ್ಲಿ! ಇದು ತಕ್ಕಡಿಯಲ್ಲ, ಕೈಯಲ್ಲ. ದೊಡ್ಡ ಬಟ್ಟು ಒಂದು ಕಚ್ಚು ಮುಂದೆ ಕೂತಿತ್ತು, ಅಷ್ಟೇ.

ಅವನು ಆ ಬಟ್ಟನ್ನು ಮುಟ್ಟುವುದೇ ಇಲ್ಲ. ವರ್ಷಗಳಿಂದ ಒಂದೇ ಮದ್ದು, ಒಂದೇ ತೂಕ. ಹಾಗೇ ಬಿಟ್ಟು ಬಟ್ಟೆ ಮುಚ್ಚುತ್ತಾನೆ.

ಹಾಗಾದರೆ ಯಾರು ಸರಿಸಿದರು ಎಂದು ಬರೆದು ಪೆನ್ನು ಕೆಳಗಿಟ್ಟೆ.

ಆಗಸ್ಟಿನಲ್ಲಿ ಒಂದು ದಿನ ಅಡಿಗೆಮನೆಯ ಕಿಟಕಿಗೆ ಹಮ್ಮಿಂಗ್‌ಬರ್ಡ್ ಒಂದು ಬಡಿದು ಸತ್ತಿತ್ತು. ಹೆಬ್ಬೆರಳಿನಷ್ಟಿತ್ತು, ಅಂಗೈಯಲ್ಲಿಟ್ಟರೆ ಇಟ್ಟದ್ದೇ ಗೊತ್ತಾಗಲಿಲ್ಲ. ಎಷ್ಟು ತೂಗಬಹುದು ಎನ್ನಿಸಿತು. ನೆಟ್ಟಗೆ ಆ ಕೋಣೆಗೆ ಹೋಗಿ ತಕ್ಕಡಿಗೆ ಮುಚ್ಚಿದ್ದ ಬಟ್ಟೆ ತೆಗೆದು ತೂಗಿದೆ. ನಲವತ್ತೆಂಟು ಗ್ರೇನ್. ಆಮೇಲೆ, ನಾನು ಮುಟ್ಟಿದ್ದು ಗೊತ್ತಾದರೆ ಹಾಲ್ವರ್ ಗೊಣಗುತ್ತಾನೆಂದು, ಬಟ್ಟುಗಳನ್ನು ಮೊದಲಿದ್ದ ಹಾಗೇ ಇಟ್ಟೆ.

ಇಟ್ಟೆ ಎಂದುಕೊಂಡೆ.

ಅಕ್ಟೋಬರ್ 3, ಗುರುವಾರ

ಹೇಳಿಲ್ಲ. ಎರಡು ಯಂತ್ರಗಳ ಮೇಲಿನ ಧೂಳು ಒರೆಸಿದೆ.

ಮಾಂಸದಂಗಡಿಯವನೊಬ್ಬ ಒಮ್ಮೆ ನನ್ನೆದುರು ಅತ್ತಿದ್ದ. ತಕ್ಕಡಿ ಕಾಲು ಪೌಂಡು ತಪ್ಪಿತ್ತು, ಅವನಿಗೆ ಗೊತ್ತೇ ಇರಲಿಲ್ಲವಂತೆ. ಗೊತ್ತಿರಲಿಲ್ಲ ಎಂಬುದಕ್ಕೆ ನಮೂನೆಯಲ್ಲಿ ಜಾಗವಿಲ್ಲ ಎಂದು ಹೇಳಿ ಬಂದಿದ್ದೆ.

ಅಕ್ಟೋಬರ್ 5, ಶನಿವಾರ

ಹೇಳಿದೆ.

ಅವನು ಒಲೆಯ ಮುಂದೆ ಪ್ಯಾನ್‌ಕೇಕ್ ಮಗುಚುತ್ತಿದ್ದ. ಹಕ್ಕಿಯಿಂದ ಶುರುಮಾಡಿ ಕಚ್ಚಿನವರೆಗೆ ನಿಂತುಕೊಂಡೇ ಹೇಳಿದೆ. ಕೇಕು ಕರಕಾಗುವ ವಾಸನೆ ಬಂತು, ಅವನು ಮಗುಚಲಿಲ್ಲ. ನಾನೇ ಒಲೆ ಆರಿಸಿದೆ.

"ನಿನ್ ಕಣ್ಣು ಹೋಗ್ತಿತ್ತು ಹಾಲ್ವರ್. ನೀನೇ ಹೋಗ್ತಿದ್ದೆ. ಮೂರು ವಾರದಿಂದ ನಾನು ನಿನ್ನ ಮೇಲೆ ವರದಿ ಬರೀತಾ ಕೂತಿದೀನಿ."

ಅವನು ಕೆನ್ನೆಯ ಹೊಲಿಗೆಯ ಗುರುತನ್ನು ಮುಟ್ಟಿಕೊಂಡ. "ಮನೆಗೆ ಹೋಗು ಆರ್ಡಿ," ಎಂದ. ಸಿಟ್ಟಿನ ದನಿಯಲ್ಲ. ಯಾವ ದನಿಯೂ ಅಲ್ಲ.

ಅಕ್ಟೋಬರ್ 6, ಭಾನುವಾರ

ಚರ್ಚಿಗೆ ಬರಲಿಲ್ಲ.

ಅಕ್ಟೋಬರ್ 7, ಸೋಮವಾರ

ಬರಲಿಲ್ಲ. ಟ್ರಕ್ಕು ಅಲ್ಲೇ ಇದೆ. ಚಿಮಣಿಯಲ್ಲಿ ಹೊಗೆ ಇದೆ.

ಮರ್ನಾಗೆ ಫೋನು ಮಾಡಿ ಕಾರಣ ನಾನು ಎಂದೆ. "ಅತ್ತೆ, ನೀವು ಡ್ಯಾಡ್‌ನ ಉಳಿಸೋಕೆ ಹೀಗ್ ಹೇಳ್ತಿಲ್ಲ ತಾನೇ?" ಎಂದು ಕೇಳಿದಳು. ನನ್ನ ಬದುಕಿನಲ್ಲಿ ಯಾರೂ ನನ್ನ ಮೇಲೆ ಹಾಗೆ ಸಂಶಯಪಟ್ಟಿರಲಿಲ್ಲ.

ಅಕ್ಟೋಬರ್ 9, ಬುಧವಾರ

ಬೆಳಗ್ಗೆ ಗ್ಯಾರೇಜಿನ ಹಿಂದೆ ಸದ್ದು. ಹೋದರೆ ಹಾಲ್ವರ್ ತನ್ನ ಸ್ಟೂಲಿನ ಮೇಲೆ ಕೂತು ಕಪ್ಪು ಯಂತ್ರವನ್ನು ಬಿಸಿಯಾಗಲು ಹಾಕಿದ್ದ.

"ಕೂತ್ಕೋ," ಎಂದ. ಕೂತೆ.

"ಮೊದಲ್ನೇ ಗುಂಡಿಗೇ ಗೊತ್ತಾಗಿತ್ತು ನಂಗೆ. ಕೋವಿ ಒದ್ದಿದ್ದೇ ಬೇರೆ ಥರ. ಬೋಲ್ಟು ಎತ್ತೋಕೆ ಅಂಗೈಲಿ ಗುದ್ದಬೇಕಾಯ್ತು. ಮದ್ದು ಹೆಚ್ಚಾದ್ರೇನೇ ಅದು ಹಾಗೆ ಸಿಕ್ಕಿಕೊಳ್ಳೋದು. ಅರವತ್ತು ವರ್ಷದಿಂದ ಹೊಡೀತಿದೀನಿ, ಅಷ್ಟೂ ತಿಳಿಯಲ್ವಾ?"

"ಮತ್ತೆ ಎರಡನೇದು ಯಾಕೆ ಹೊಡ್ದೆ?"

"ಲೈಲ್ ನೋಡ್ತಾ ನಿಂತಿದ್ದ. ನಿಲ್ಸಿದ್ರೆ ಯಾಕೆ ಅಂತ ಕೇಳ್ತಿದ್ದ. ಕೇಳಿದ್ರೆ..." ಯಂತ್ರದ ಹಸಿರು ಬೆಳಕು ಅವನ ಕನ್ನಡಕದಲ್ಲಿ ಕಾಣುತ್ತಿತ್ತು. "ಎರಡು ವರ್ಷದಿಂದ ದಂಡದ ಮೇಲಿನ ಕಚ್ಚು ಕಾಣಲ್ಲ ಆರ್ಡಿ. ಮುಳ್ಳು ಗುರುತಿಗೆ ಬಂದಿದ್ದನ್ನ ಭೂತಗನ್ನಡಿ ಹಿಡ್ಕೊಂಡು ನೋಡ್ತೀನಿ. ಕಚ್ಚನ್ನ ಉಗುರಲ್ಲಿ ಎಣಿಸ್ತೀನಿ, ಪ್ರತಿ ಸಲ. ಆವತ್ತೊಂದು ದಿನ ಎಣಿಸ್ಲಿಲ್ಲ. ಯಾರು ಮುಟ್ತಾರೆ, ಹಾಗೇ ಇರುತ್ತೆ ಅಂತ."

"ನಾನ್ ಮುಟ್ಟಿದ್ದೆ."

"ನೀನ್ ಮುಟ್ಟಿದ್ದೆ. ಹಕ್ಕಿ ತೂಗೋಕೆ." ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. "ಸರ್ಕಾರಿ ಇನ್ಸ್‌ಪೆಕ್ಟರು! ನಾಲ್ಕು ದಿನದಿಂದ ಸಿಟ್ಟು ಮಾಡ್ಕೋಬೇಕು ಅಂತ ಕೂತಿದೀನಿ, ಆ ಹಕ್ಕಿ ನೆನಪಾದ್ರೆ ಆಗ್ತಾನೇ ಇಲ್ಲ. ಎಷ್ಟಿತ್ತು ಅಂದೆ?"

"ನಲವತ್ತೆಂಟು."

"ನಮ್ಮ ಮದ್ದಿಗಿಂತ ಹೆಚ್ಚು!"

ಆಮೇಲೆ ಜಗಳವಾಯಿತು. ಕೊಳ್ಳುವುದಾದರೆ ಬೆಳ್ಳಿಯೇ ಎಂದು ನಾನು. ನೂರಕ್ಕೆ ಮೂರು ಸಲ ತಪ್ಪುವ ಯಂತ್ರಕ್ಕೆ ನಾನು ಹೇಗೆ ಒಪ್ಪಲಿ? ಪಟ್ಟಿ ತಂದು ಓದಿದೆ.

"ಎಷ್ಟು ತಪ್ಪುತ್ತೆ?" ಎಂದು ಕೇಳಿದ.

"ಹತ್ತರಲ್ಲೊಂದು."

"ಹತ್ತರಲ್ಲೊಂದು ಹೆಚ್ಚಾದ್ರೆ ಗುಂಡು ಒಂದು ಬೆರಳು ಮೇಲೆ ಹೋಗುತ್ತೋ ಏನೋ. ಐದು ಹೆಚ್ಚಾದ್ರೆ ನಾನೇ ಮೇಲೆ ಹೋಗ್ತೀನಿ. ನಮ್ಮಿಬ್ರಿಗೂ ಓದೋಕೆ ಬರೋ ಅಂಕಿ ಇರೋದು ಯಾವ್ದರಲ್ಲಿ ಹೇಳು."

ಮೂವತ್ತೊಂದು ವರ್ಷ ಸೂಕ್ಷ್ಮವಾದದ್ದನ್ನೇ ಒಳ್ಳೆಯದು ಎಂದುಕೊಂಡಿದ್ದೆ. ಯಾರು ಓದುತ್ತಾರೆ ಎಂದು ಕೇಳಿಕೊಂಡಿರಲಿಲ್ಲ. ನಮೂನೆಯಲ್ಲಿ ಅದಕ್ಕೂ ಜಾಗವಿರಲಿಲ್ಲ.

ಕಪ್ಪನ್ನು ಇಟ್ಟುಕೊಂಡೆವು. ನನ್ನದೊಂದು ಷರತ್ತು: ಯಂತ್ರ ಪೀಪಿ ಊದಿದ ಮೇಲೆ ಅಂಕಿಯನ್ನು ಇಬ್ಬರೂ ಗಟ್ಟಿಯಾಗಿ ಹೇಳಬೇಕು, ಹತ್ತಕ್ಕೊಂದನ್ನು ಅಪ್ಪನ ತಕ್ಕಡಿಯಲ್ಲಿ ನೋಡಬೇಕು. ಅವನದೊಂದು: ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಬೇಕು, ಮರ್ನಾ ಅಲ್ಲ.

ಅಕ್ಟೋಬರ್ 12, ಶನಿವಾರ

ಇಪ್ಪತ್ತು ತೋಟಾ ತುಂಬಿ ಮೈದಾನಕ್ಕೆ ಹೋದೆವು. ಲೈಲ್‌ಗೆ ನಡೆದದ್ದನ್ನೆಲ್ಲ ನಾನೇ ಹೇಳಿದೆ. ಹಕ್ಕಿಯ ವಿಷಯಕ್ಕೆ ಅವನು ನಗು ಮುಚ್ಚಲು ಮುಖ ಆಚೆ ತಿರುಗಿಸಿಕೊಂಡ.

ಕೋವಿ ರಿಪೇರಿಗೆ ಹೋಗಿದೆ. ಅಪ್ಪನ ಹಳೆಯದನ್ನು ತಂದಿದ್ದೆವು. ಹಾಲ್ವರ್ ಅದನ್ನು ನನ್ನ ಕೈಗಿಟ್ಟ.

"ಗುರಿಹಲಗೆ ನಂಗೆ ಬರೀ ಬಿಳಿ ಮಸುಕು. ನೀನ್ ಹೊಡಿ."

ನಾನು ಕೋವಿ ಹಿಡಿದು ಇಪ್ಪತ್ತು ವರ್ಷವಾಗಿತ್ತು. ಕೆನ್ನೆಯನ್ನು ಹಿಡಿಕೆಗೆ ಒತ್ತಿದಾಗ ಅವನ ಏಳು ಹೊಲಿಗೆ ನನ್ನ ಚರ್ಮದ ಮೇಲೆ ಬಂದಂತಾಯಿತು.

"ನೀನ್ ಹಿಂದೆ ಹೋಗು," ಎಂದೆ.

"ಇಲ್ಲೇ ಇರ್ತೀನಿ."

"ಹಾಲ್ವರ್, ಏನಾದ್ರೂ ಸಿಡಿದ್ರೆ—"

"ಅಂಕಿ ನಾನೂ ಹೇಳಿದೀನಲ್ಲೇ, ನೀನೊಬ್ಳೇ ಹೇಳಿದ್ಯಾ? ಹೊಡಿ."

ಹೊಡೆದೆ. ಬೋಲ್ಟು ಎರಡು ಬೆರಳಿಗೆ ಬೆಣ್ಣೆಯ ಹಾಗೆ ಎದ್ದಿತು. ಆ ಸದ್ದು ಕೇಳಿಸಿದ ಮೇಲೆ ಅವನು ಬಿಟ್ಟ ಉಸಿರು ನನ್ನ ಕಿವಿಗೆ ತಗುಲಿತು.

ಅಕ್ಟೋಬರ್ 22, ಮಂಗಳವಾರ

ಗ್ರೇಟ್ ಫಾಲ್ಸ್ ಊರಿನ ಕಣ್ಣಾಸ್ಪತ್ರೆ. ಎರಡೂ ಕಣ್ಣಿಗೆ ಪೊರೆ. ಕಳೆದ ವಾರ ಪರೀಕ್ಷಿಸಿದಾಗಲೇ ಡಾಕ್ಟರಮ್ಮ ನಮ್ಮಿಬ್ಬರನ್ನೂ ಬೈದಿದ್ದರು. ಇವತ್ತು ಬಲಗಣ್ಣಿನದು ತೆಗೆದರು, ಹದಿನೈದು ನಿಮಿಷ. ತೆಗೆದ ಪೊರೆ ಎಷ್ಟು ತೂಗುತ್ತದೆ ಎಂದು ಕೇಳಿದೆ. ಯಾರೂ ಯಾವತ್ತೂ ಕೇಳಿಲ್ಲವಂತೆ.

ವಾಪಸು ಬರುವಾಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತು, ನಾನು ಟ್ರಕ್ಕು ನಡೆಸುವುದನ್ನು ನೂರು ಮೈಲಿ ಟೀಕಿಸಿದ.

ಅಕ್ಟೋಬರ್ 23, ಬುಧವಾರ

ಪಟ್ಟಿ ತೆಗೆಸಿಕೊಂಡು ಬಂದೆವು. ಶನಿವಾರ ಜಿಂಕೆ ಬೇಟೆಯ ಕಾಲ ಶುರುವಾಗುತ್ತದೆ, ಮರ್ನಾ ಬರುತ್ತಾಳೆ, ತನಗೊಂದು ಡಬ್ಬಿ ತೋಟಾ ಬೇಕಂತೆ. ಟ್ರಕ್ಕು ಇಳಿದವನು ಮನೆಗೆ ಹೋಗಲಿಲ್ಲ, ನೆಟ್ಟಗೆ ನಮ್ಮ ಕೋಣೆಗೆ ಹೋದ.

ಬಾಗಿಲಲ್ಲೇ ನಿಂತು ಯಂತ್ರದ ಅಂಕಿ ಓದಿದ. ಗೋಡೆಯ ಕ್ಯಾಲೆಂಡರ್ ಓದಿದ. ಅದು ಎರಡು ವರ್ಷ ಹಳೆಯದೆಂದು ನನ್ನನ್ನು ಬೈದ. ಬೆಂಚಿನ ಮೂಲೆಯ ಹೊಲಸು, ಜೇಡರ ಬಲೆ, ಕಿಟಕಿಯ ಬಿರುಕು ಒಂದೊಂದನ್ನೂ ಬೆರಳು ಮಾಡಿ ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿದವನು ಹಾಗೇ ನಿಂತುಬಿಟ್ಟ.

"ಆರ್ಡಿ," ಎಂದ. "ನೀನ್ ಯಾವಾಗ ಇಷ್ಟು ಮುದುಕಿ ಆದೆ?"

"ನೀನ್ ನೋಡದೇ ಇದ್ದಾಗ."

ಹತ್ತಿರ ಬಂದು ಗಲ್ಲ ಹಿಡಿದು, ಬೆಳಕಿಗೆ ಮುಖ ತಿರುಗಿಸಿ ನೋಡಿದ. ಕೂದಲು, ಹಣೆ, ಕತ್ತು. ನಾನು ಯಾವ ತಕ್ಕಡಿಯನ್ನೂ ಅಷ್ಟು ಹೊತ್ತು ನೋಡಿರಲಿಲ್ಲ. "ಅಮ್ಮನ ಥರಾನೇ ಆಗಿದೀಯಲ್ಲೇ," ಎಂದ. ಆಮೇಲೆ ಕಣ್ಣಿಗೆ ಔಷಧಿ ಹಾಕುವ ಹೊತ್ತಾಯಿತೆಂದು ಗೊಣಗಿದ. ಇನ್ನೂ ಒಂದು ಗಂಟೆ ಇತ್ತು.

ಮರ್ನಾಗೆ ನಲವತ್ತು ತೋಟಾ ತುಂಬಿದೆವು. ಅಂಕಿಯನ್ನು ಪ್ರತಿ ಸಲವೂ ಅವನೇ ಮೊದಲು ಹೇಳಿದ.